ಪುಟ್ಟಿ ಮತ್ತೆ ಅಂಗಳಕ್ಕೆ ಇಳಿದದ್ದು

ಹೋದ ಸಲ ಕರಿಬೇವಿನ ಗಿಡದ ಬಗ್ಗೆ ಬರೆಯುವಾಗ "ನಮ್ಮ ಕೋಳಿಗಳ ಕಥೆ ಇನ್ನೊಂದು ಸಲ ಹೇಳ್ತೀನಿ" ಅಂತ ಮಾತು ಕೊಟ್ಟಿದ್ದೆ. ಕೊಟ್ಟ ಮಾತಿಗೆ ತಪ್ಪಬಾರದಲ್ಲ, ಈ ಸಲ ಅದೇ. ಆದರೆ ಎಲ್ಲ ಕೋಳಿಗಳ ಕಥೆಯಲ್ಲ, ಒಂದೇ ಒಂದು ಹೇಂಟೆಯದು. ಹೆಸರು ಪುಟ್ಟಿ. ಮಗಳು ಇಟ್ಟ ಹೆಸರು. "ಕೋಳಿಗೆ ಹೆಸರಿಟ್ರೆ ಆಮೇಲೆ ಕುಯ್ಯಕ್ಕಾಗಲ್ಲ ಕಣೇ" ಅಂತ ಅತ್ತೆ ಅವತ್ತೇ ಎಚ್ಚರಿಸಿದ್ದರು.

ನಮ್ಮ ಮನೆ ಇರುವುದು ಚನ್ನರಾಯಪಟ್ಟಣದಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ. ಹಿತ್ತಲು ದೊಡ್ಡದೇನಲ್ಲ. ನಾಲ್ಕು ತೆಂಗಿನ ಮರ, ಒಂದು ನುಗ್ಗೆ, ಬಚ್ಚಲ ನೀರು ಹರಿಯುವ ಕಡೆ ಬಾಳೆ, ಆಚೆ ತಿಪ್ಪೆ. ಅಷ್ಟರಲ್ಲೇ ಒಂಬತ್ತು ಹೇಂಟೆ, ಒಂದು ಹುಂಜ ಸಂಸಾರ ಮಾಡಿಕೊಂಡಿವೆ. ಏಳು ನಾಟಿ. ಎರಡು ಗಿರಿರಾಜ, ಅದೇ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಹಿತ್ತಲಲ್ಲಿ ಸಾಕಲಿ ಅಂತಲೇ ಬೆಳೆಸಿದ ತಳಿ. ಗಿರಿರಾಜಗಳು ಮೈಯಲ್ಲಿ ದೊಡ್ಡವು, ದನಿಯಲ್ಲಿ ಇನ್ನೂ ದೊಡ್ಡವು. ಪುಟ್ಟಿ ನಾಟಿ ಹೇಂಟೆ, ಕಂದು ಬಣ್ಣ, ಕುತ್ತಿಗೆಯ ಹತ್ತಿರ ಸ್ವಲ್ಪ ಹೊಂಬಣ್ಣ, ಮೈ ಸಣ್ಣದು. ಮೊದಲಿಂದಲೂ ಗಟ್ಟಿಗಿತ್ತಿಯಲ್ಲ. ಆದರೂ ತನ್ನ ಪಾಡಿಗೆ ತಾನು ಕೆದಕಿಕೊಂಡು, ಎರಡು ದಿನಕ್ಕೊಂದು ಮೊಟ್ಟೆ ಇಟ್ಟುಕೊಂಡು ಇದ್ದಳು.

ಸಂಕ್ರಾಂತಿ ಕಳೆದ ವಾರ ಮಧ್ಯಾಹ್ನದ ಹೊತ್ತು ಮುಂಗುಸಿ ಬಂತು. ನಾನು ಒಳಗೆ ಪಾತ್ರೆ ತೊಳೀತಿದ್ದೆ. ಹಿಂಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದ ಅತ್ತೆ ಕೂಗಿದ ಕೂಗಿಗೆ ಓಡಿ ಹೋಗುವಷ್ಟರಲ್ಲಿ ಪುಟ್ಟಿಯ ಬೆನ್ನ ಮೇಲೆ ಬಿದ್ದಿತ್ತು. ಅತ್ತೆ ಕೈಯಲ್ಲಿದ್ದ ಊರುಗೋಲನ್ನೇ ಬೀಸಿ ಒಗೆದಿದ್ದಾರೆ. ಅದು ಮುಂಗುಸಿಗೆ ತಗುಲಿತೋ ಇಲ್ಲವೋ, ಅಂತೂ ಬಿಟ್ಟು ಓಡಿತು. ಬೆನ್ನಿನ ಪುಕ್ಕವೆಲ್ಲ ಕಿತ್ತು ಬಂದು ಚರ್ಮ ಹರಿದಿತ್ತು. ಉಗುರುಬೆಚ್ಚನೆ ಉಪ್ಪುನೀರಲ್ಲಿ ತೊಳೆದೆ, ಅರಿಶಿನ ಮೆತ್ತಿದೆ. ಸಾಯಂಕಾಲ ಮನೆಯವರು ಚೀಲದಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದರು. ಅಲ್ಲಿ ಗಾಯಕ್ಕೆ ನೇರಳೆ ಬಣ್ಣದ ಔಷಧಿ ಹೊಡೆದು, ನೀರಲ್ಲಿ ಹಾಕುವುದಕ್ಕೆ ಪುಡಿ ಕೊಟ್ಟು, "ಗಾಯ ಒಣಗೋವರೆಗೂ ಬೇರೆ ಇಡಿ" ಅಂದರಂತೆ.

ಬೇರೆ ಇಟ್ಟೆವು. ಮನೆಯೊಳಗೆ, ಸೌದೆ ಕೋಣೆಯಲ್ಲಿ, ಮಂಕರಿ ಕವುಚಿ ಹಾಕಿ. ಇಪ್ಪತ್ತು ದಿನ. ಗಾಯ ಚೆನ್ನಾಗೇ ಮಾಗಿತು. ನುಚ್ಚಕ್ಕಿ, ನೆನೆಸಿದ ರಾಗಿ, ಆಗಾಗ ಒಂದು ಬೇಯಿಸಿದ ಮೊಟ್ಟೆ. ನೀವು ನಗಬೇಡಿ, ಕೋಳಿಗೆ ಕೋಳಿ ಮೊಟ್ಟೆ ಒಳ್ಳೇದೇ. ಮಗಳು ಸ್ಕೂಲಿಂದ ಬಂದವಳೇ ತೊಡೆ ಮೇಲೆ ಕೂರಿಸಿಕೊಂಡು ಲೆಕ್ಕ ಮಾಡೋಳು. ಪುಟ್ಟಿಯ ಕಷ್ಟ ಮುಗಿಯಿತು ಅಂದುಕೊಂಡಿದ್ದೆವು. ನಿಜವಾದ ಕಷ್ಟ ಶುರುವಾದದ್ದೇ ಆಮೇಲೆ.

ಇಪ್ಪತ್ತೊಂದನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ, ಎಲ್ಲ ಕೋಳಿಗಳೂ ತಿಪ್ಪೆಯಲ್ಲಿದ್ದಾಗ, ಒಂದು ಹಿಡಿ ರಾಗಿ ಎರಚಿ ಪುಟ್ಟಿಯನ್ನು ನಡುವೆ ಬಿಟ್ಟೆ. ಹಬ್ಬಕ್ಕೆ ಮಗಳು ತವರಿಗೆ ಬಂದ ಹಾಗೆ ಎಲ್ಲರೂ ಸುತ್ತ ಸೇರ್ತಾರೆ ಅನ್ನೋ ಭ್ರಮೆ ನನಗೆ. ಸೇರಿದವು ನಿಜ. ಒಂದು ಕ್ಷಣ ಎಲ್ಲವೂ ತಲೆ ಎತ್ತಿ ನೋಡಿದವು. ಆಮೇಲೆ ಬೂದಿ (ಬೂದು ಬಣ್ಣದ ನಾಟಿ ಹೇಂಟೆ) ಕುತ್ತಿಗೆ ಪುಕ್ಕ ಕೆದರಿಕೊಂಡು ಬಂದು ತಲೆಗೇ ಕುಕ್ಕಿದಳು. ಅವಳ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಪುಟ್ಟಿ ಕಿರುಚಿಕೊಂಡು ಓಡಿ ಗೋಡೆ ಮೂಲೆಯಲ್ಲಿ ಮುಖ ಹುದುಗಿಸಿ ನಿಂತುಬಿಟ್ಟಳು. ಬೆನ್ನು ಕೊಟ್ಟು ನಿಂತ ಕೋಳಿಗೆ ಉಳಿದವು ಏನು ಮಾಡ್ತವೆ ಅಂತ ಕೋಳಿ ಸಾಕಿದವರಿಗೆ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಹಳೇ ವಿಷಯ ಹೇಳಿಬಿಡಬೇಕು. ಎರಡು ವರ್ಷದ ಹಿಂದೆ ನಮ್ಮಲ್ಲಿ ಒಂದು ಕರಿ ಹೇಂಟೆ ಇತ್ತು. ಅದನ್ನೂ ಹೀಗೇ ಉಳಿದವು ಕುಕ್ಕುತ್ತಿದ್ದವು. "ಅವುಗಳ ಜಗಳ ಅವೇ ಬಗೆಹರಿಸಿಕೊಳ್ತವೆ" ಅಂತ ನಾನು ಸುಮ್ಮನಿದ್ದೆ. ಒಂದು ದಿನ ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಮೂಲೆಯಲ್ಲಿ ಸತ್ತು ಬಿದ್ದಿತ್ತು. ಹೆಡಕಿನ ಮೇಲೆ ಒಂದು ಪುಕ್ಕ ಇಲ್ಲ. ಎತ್ತಿಕೊಂಡಾಗ ಕೈಗೆ ಭಾರವೇ ಸಿಗಲಿಲ್ಲ, ಎಷ್ಟೋ ದಿನದಿಂದ ಸರಿಯಾಗಿ ತಿಂದೇ ಇರಲಿಲ್ಲ. ನಾನು ದಿನಾ ಕಾಳು ಹಾಕ್ತಿದ್ದೆ, ದಿನಾ ಎಣಿಸ್ತಿದ್ದೆ. ಆದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಪುಟ್ಟಿ ಮೂಲೆಯಲ್ಲಿ ನಿಂತದ್ದು ನೋಡಿದಾಗ ನನಗೆ ಕಂಡದ್ದು ಆ ಕರಿ ಹೇಂಟೆ.

ಹಾಗಾಗಿ ಈ ಸಲ ಸುಮ್ಮನಿರಲಿಲ್ಲ. ಪೊರಕೆ ಹಿಡಿದುಕೊಂಡೆ. ಬೂದಿ ಹತ್ತಿರ ಬಂದರೆ ಹುಶ್ ಅಂತ ಅಟ್ಟಿದೆ. ಪುಟ್ಟಿಗೆ ಮಾತ್ರ ಬೇರೆಯಾಗಿ ಅಂಗೈಯಲ್ಲಿ ರಾಗಿ ತಿನ್ನಿಸಿದೆ. ನಾಲ್ಕು ದಿನ ಇದೇ ಕೆಲಸ. ಅಡುಗೆ ಮನೆಯಲ್ಲಿ ಹಾಲು ಉಕ್ಕಿದ್ದು ಎರಡು ಸಲ. ಐದನೇ ದಿನ ಅತ್ತೆಗೆ ತಡೆಯಲಿಲ್ಲ.

"ಅಲ್ಲ ಕಣವ್ವ, ನೀನು ಪೊರಕೆ ಇಡ್ಕಂಡು ಕಾವ್ಲು ನಿಂತ್ರೆ ಅದು ಯಾವಾಗ ಕೋಳಿ ಆಯ್ತದೆ? ನೋಡು, ಅವು ಬಂದ್ರೆ ಅದು ನಿನ್ ಸೀರೆ ಒಳಕ್ಕೆ ಬತ್ತದೆ. ನೀನು ಒಳಕ್ಕೋದ್ರೆ ಏನ್ಮಾಡ್ತದೆ?"

ನಿಜ. ಪುಟ್ಟಿ ಕಾಳಿನ ಕಡೆ ನೋಡುತ್ತಲೇ ಇರಲಿಲ್ಲ, ಹಿಂಬಾಗಿಲ ಕಡೆ ನೋಡುತ್ತಿದ್ದಳು. ನಾನು ಒಳಗೆ ಹೋದ ತಕ್ಷಣ ಮೂಲೆ. ಇನ್ನೊಂದು ತಮಾಷೆ, ನಾನು ಅವಳಿಗೆ ಬೇರೆ ತಿನ್ನಿಸುವುದನ್ನು ಕಂಡು ಉಳಿದವು ಇನ್ನೂ ಜೋರಾಗಿ ಅಟ್ಟಿಸಿಕೊಂಡು ಬರುತ್ತಿದ್ದವು. ನನ್ನ ಅಂಗೈ ಅವಳಿಗೆ ಉಪಕಾರಕ್ಕಿಂತ ಅಪಕಾರವನ್ನೇ ಮಾಡಿತ್ತು.

ಅತ್ತೆಗೆ ಎಪ್ಪತ್ನಾಲ್ಕು. ಹೋದ ವರ್ಷ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದ ಮೇಲೆ ಹಿಂಬಾಗಿಲ ಎರಡು ಮೆಟ್ಟಿಲು ಇಳಿದು ಹಿತ್ತಲಿಗೆ ಹೋದವರಲ್ಲ. ಅದಕ್ಕೆ ಮೊದಲು ಐವತ್ತು ವರ್ಷ ಕೋಳಿ ಅವರದೇ ಇಲಾಖೆ. ಈಗ ಕುರ್ಚಿಯಲ್ಲಿ ಕೂತು ನೋಡುವುದಷ್ಟೇ. ಆದರೆ ಎಂಥಾ ನೋಟ! ನಾನು ಹತ್ತು ಕೋಳಿ ನೋಡಿದರೆ ಅವರು ಹತ್ತರ ನಡುವಿನ ವ್ಯವಹಾರ ನೋಡ್ತಾರೆ. "ಮೇಲಿರೋ ಗಿರಿರಾಜ ಅದನ್ನ ಕುಕ್ಕಿದ್ದು ನೋಡಿದ್ಯಾ? ಇಲ್ಲ. ಅವಕ್ಕೆ ಅದು ಲೆಕ್ಕಕ್ಕೇ ಇಲ್ಲ. ಕುಕ್ಕೋದು ಬೂದಿ. ಪುಟ್ಟಿ ಇಲ್ದೇ ಇದ್ದಾಗ ಕಡೇಲಿ ಇದ್ದದ್ದು ಅದೇ. ಈಗ ಅದುಕ್ಕೂ ಕೆಳಗೆ ಒಂದು ಸಿಕ್ತು. ಬುಡ್ತದಾ?"

ಈ ಮೇಲೆ-ಕೆಳಗಿನ ಲೆಕ್ಕ ಅತ್ತೆ ಕಟ್ಟಿದ್ದಲ್ಲ ಅಂತ ಆಮೇಲೆ ಓದಿ ತಿಳಿದೆ. ನಾರ್ವೆ ದೇಶದ ಥೋರ್ಲೀಫ್ ಶೆಲ್ಡರುಪ್-ಎಬ್ಬೆ ಅನ್ನುವವನು ಚಿಕ್ಕ ಹುಡುಗನಾಗಿದ್ದಾಗಿಂದಲೇ ತಮ್ಮ ಮನೆ ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕುತ್ತಾರೆ ಅಂತ ಗಮನಿಸಿ ಬರೆದಿಡುತ್ತಿದ್ದನಂತೆ. 1922ರಲ್ಲಿ ಅದನ್ನೇ ಜರ್ಮನ್ ಭಾಷೆಯಲ್ಲಿ ಪ್ರಬಂಧವಾಗಿ ಪ್ರಕಟಿಸಿದ. ಗುಂಪಿನ ಒಂದೊಂದು ಕೋಳಿಗೂ ಒಂದೊಂದು ಸ್ಥಾನ, ಕೆಳಗಿನದನ್ನು ಕುಕ್ಕುವ ಹಕ್ಕು, ಮೇಲಿನದರಿಂದ ಕುಕ್ಕಿಸಿಕೊಳ್ಳುವ ಕರ್ಮ. ಆಫೀಸುಗಳ ಬಗ್ಗೆ ಮಾತಾಡುವಾಗ ಇಂಗ್ಲಿಷಿನವರು 'ಪೆಕಿಂಗ್ ಆರ್ಡರ್' ಅನ್ನುವುದು ಇದರಿಂದಲೇ ಬಂದದ್ದು. ಕೋಳಿಗಳು ಒಂದನ್ನೊಂದು ಗುರುತು ಹಿಡಿಯುವುದು ಮುಖ್ಯವಾಗಿ ತಲೆ, ಜುಟ್ಟು ನೋಡಿ. ಕಾಯಿಲೆ ಬಿದ್ದ ಕೋಳಿಯ ಜುಟ್ಟು ಬಾಡಿ ಬಿಳಿಚಿಕೊಳ್ಳುತ್ತೆ. ಅದರ ಜೊತೆ ಇಪ್ಪತ್ತು ದಿನ ಕಣ್ಮರೆ. ಬೆನ್ನಿನ ಮೇಲೆ ಅಳಿಸದ ನೇರಳೆ ಬಣ್ಣ ಬೇರೆ. ಅಂದರೆ ನಾನು "ನಿಮ್ಮ ಪುಟ್ಟಿ ಬಂದಳು" ಅಂತ ಬಿಟ್ಟದ್ದು ಅವುಗಳ ಕಣ್ಣಿಗೆ ಯಾರೋ ಗುರುತಿಲ್ಲದ, ಬಡಕಲು, ವಿಚಿತ್ರ ಬಣ್ಣದ ಪರಕೀಯ ಕೋಳಿ.

ಅವತ್ತು ರಾತ್ರಿ ಪುಟ್ಟಿಯನ್ನು ಎತ್ತಿ ಮುಟ್ಟಿ ನೋಡಿದೆ. ಇದೊಂದು ಕೆಲಸ ಕೋಳಿ ಸಾಕುವವರೆಲ್ಲ ವಾರಕ್ಕೊಮ್ಮೆ ಮಾಡಿದರೆ ಒಳ್ಳೇದು, ನಾನು ಕರಿ ಹೇಂಟೆ ಕಳಕೊಂಡು ಕಲಿತದ್ದು. ಕತ್ತಲಾದ ಮೇಲೆ ಕೋಳಿಗೆ ಕಣ್ಣು ಅಷ್ಟಾಗಿ ಕಾಣಲ್ಲ, ಹಿಡಿದರೆ ಗಲಾಟೆ ಮಾಡಲ್ಲ. ಕುತ್ತಿಗೆಯ ಬುಡದಲ್ಲಿ, ಎದೆಯ ಬಲಕ್ಕೆ, ಕಾಳು ತುಂಬಿಕೊಳ್ಳುವ ಚೀಲ ಇರುತ್ತೆ. ದಿನವೆಲ್ಲ ಮೇದ ಕೋಳಿಗೆ ಸಂಜೆ ಅದು ನಿಂಬೆಹಣ್ಣಿಗಿಂತ ದೊಡ್ಡದಾಗಿ ಕೈಗೆ ಸಿಗುತ್ತೆ. ಪುಟ್ಟಿಯದು ಖಾಲಿ ಸೀರೆ ಸೆರಗಿನ ಹಾಗೆ ಮೆತ್ತಗಿತ್ತು. ಎದೆ ಮೂಳೆ ಎರಡೂ ಕಡೆ ಮಾಂಸವಿಲ್ಲದೆ ಚೂಪಾಗಿ ನಿಂತಿತ್ತು. ಪುಕ್ಕ ಬಿಡಿಸಿ ಹೇನು ನೋಡಿದೆ, ಇರಲಿಲ್ಲ. ಹಿಕ್ಕೆ ಸರಿಯಾಗಿತ್ತು, ಉಸಿರಾಟ ಸರಿಯಾಗಿತ್ತು. ಅಂದರೆ ರೋಗವಲ್ಲ. ತಕ್ಕಡಿಯಲ್ಲಿ ಇಟ್ಟರೆ ಒಂಬೈನೂರು ಗ್ರಾಂ. ಸೌದೆ ಕೋಣೆಯಿಂದ ಹೊರಗೆ ಬಿಡುವಾಗ ಸಾವಿರದ ನೂರು ಇತ್ತು.

ಮನೆಯವರು ಒಂದು ಮಾತು ಅಂದರು. "ಯುಗಾದಿಗೆ ಇನ್ನು ಐದಾರು ವಾರ. ಅಲ್ಲೀವರೆಗೆ ಅದು ಸರಿಹೋಗ್ಲಿಲ್ಲ ಅಂದ್ರೆ ಹೊಸತೊಡಕಿಗೆ ಆಯ್ತದೆ ಬಿಡು. ದಿನಾ ಸಾಯೋದಕ್ಕಿಂತ ಅದೇ ವಾಸಿ." ಕಟುಕರಾಗಿ ಹೇಳಿದ್ದಲ್ಲ ಅದು. ನಮ್ಮ ಕಡೆ ಕೋಳಿ ಸಾಕುವುದೇ ಅದಕ್ಕೆ. ನಾನೂ ತಿನ್ನುವವಳೇ, ಸುಳ್ಳು ಯಾಕೆ ಹೇಳಲಿ. ಆದರೆ ಮಗಳು ಊಟ ಬಿಟ್ಟು ಎದ್ದು ಹೋದಳು. ಅತ್ತೆ ಏನೂ ಮಾತಾಡಲಿಲ್ಲ. ಬೆಳಿಗ್ಗೆ ಎದ್ದು ಕುರ್ಚಿಯಲ್ಲಿ ಕೂತವರೇ "ಆ ಹಳೇ ಕೋಳಿ ಮೆಶ್ ಅಟ್ಟದ ಮ್ಯಾಲಿರ್ಬೇಕು ನೋಡು" ಅಂದರು.

ಅಲ್ಲಿಂದ ಮುಂದೆ ಅವರು ಹೇಳುವುದು, ನಾನು ಮಾಡುವುದು.

ಗೂಡಿನ ಪಕ್ಕದಲ್ಲಿ ನುಗ್ಗೆ ಮರದಡಿ ನಾಲ್ಕು ಗೂಟ ನೆಟ್ಟು ಮೆಶ್ ಕಟ್ಟಿ ಒಂದು ಸಣ್ಣ ಕೋಣೆ ಮಾಡಿದೆವು. ಮುಂಗುಸಿಯ ಭಯಕ್ಕೆ ಮೇಲೂ ಮೆಶ್ಶು, ಬುಡಕ್ಕೆ ಕಲ್ಲು. ಪುಟ್ಟಿ ಅದರೊಳಗೆ, ಉಳಿದವು ಹೊರಗೆ. ಕಾಣಬೇಕು, ಕೇಳಬೇಕು, ಮುಟ್ಟೋಕಾಗಬಾರದು. ಇಷ್ಟೇ ಅತ್ತೆಯ ಸೂತ್ರ. ಕಾಳು ಹಾಕುವುದು ಮೆಶ್ಶಿನ ಎರಡೂ ಕಡೆ ಒಂದೇ ಹೊತ್ತಿಗೆ, ಹತ್ತಿರ ಹತ್ತಿರ. ಮೊದಲೆರಡು ದಿನ ಬೂದಿ ಮೆಶ್ಶಿಗೇ ಕುಕ್ಕಿದಳು. ಪುಟ್ಟಿ ಹಿಂದಿನ ಗೂಟಕ್ಕೆ ಅಂಟಿಕೊಂಡು ನಿಂತಳು, ಕಾಳು ಮುಟ್ಟಲಿಲ್ಲ. ಹಾಗಾಗಿ ಅವಳ ಕಾಳನ್ನು ಹಿಂದಕ್ಕೆ ಹಾಕಿ, ದಿನಕ್ಕೊಂದು ಗೇಣು ಮುಂದಕ್ಕೆ ತಂದೆವು. ಮೂರನೇ ದಿನ ಬೂದಿಗೆ ಬೇಜಾರಾಯ್ತು ಅಂತ ಕಾಣುತ್ತೆ, ತಿಪ್ಪೆಗೆ ಹೊರಟು ಹೋದಳು. ಎಂಟನೇ ದಿನದ ಹೊತ್ತಿಗೆ ಮೆಶ್ಶಿನ ಈ ಕಡೆ ಪುಟ್ಟಿ, ಆ ಕಡೆ ಚುಕ್ಕಿ, ತಲೆಗೆ ತಲೆ ತಾಗುವ ಹಾಗೆ ನುಚ್ಚು ಹೆಕ್ಕುತ್ತಿದ್ದರು.

ಚುಕ್ಕಿ ಅಂದರೆ ಬಿಳಿ ಚುಕ್ಕೆಯ ನಾಟಿ ಹೇಂಟೆ, ನಮ್ಮಲ್ಲೇ ಸಾಧು. "ಅದುನ್ನ ಒಳಕ್ಕೆ ಬುಡು" ಅಂದರು ಅತ್ತೆ. ನನಗೆ ಹೆದರಿಕೆ. "ಗುಂಪ್ನಾಗೆ ಬುಡ್ಬೇಡ, ಒಂದನ್ನ ಬುಡು. ಒಂದುಕ್ಕೆ ಒಂದು ಆದ್ರೆ ಜಗಳ ಕಡಿಮೆ. ಅದೂ ಇದರ ಜಾಗಕ್ಕೆ ಬರ್ಲಿ, ಇದು ಅದರ ಜಾಗಕ್ಕೆ ಹೋಗೋದಲ್ಲ." ಸಾಯಂಕಾಲ ಚುಕ್ಕಿಯನ್ನು ಒಳಗೆ ಬಿಟ್ಟೆ. ಒಂದು ಸಲ ಕುಕ್ಕಿದಳು, ಪುಟ್ಟಿ ತಲೆ ತಗ್ಗಿಸಿದಳು, ಮುಗೀತು. ಮಾರನೇ ಬೆಳಿಗ್ಗೆ ನೋಡಿದರೆ ಇಬ್ಬರೂ ಅಡ್ಡಗೋಲಿನ ಮೇಲೆ ಪಕ್ಕ ಪಕ್ಕ. ಮಗಳಿಗೆ ಸ್ಕೂಲಿಗೆ ಹೋಗೋದಕ್ಕೇ ಮನಸ್ಸಿಲ್ಲ ಅವತ್ತು.

ಹುಂಜನ ವಿಷಯ ಮರೆತಿದ್ದೆ. ಹುಂಜ ಒಳ್ಳೆಯವನೇ, ಹೇಂಟೆಗಳ ಜಗಳದ ನಡುವೆ ಹೋಗಿ ನಿಂತು ಬಿಡಿಸ್ತಾನೆ, ಏನಾದರೂ ತಿನ್ನೋದು ಸಿಕ್ಕಿದರೆ ತಾನು ತಿನ್ನದೆ ಕೊಕ್ ಕೊಕ್ ಅಂತ ಕರೀತಾನೆ. ಆದರೆ ಮೆಟ್ಟುವ ಗಂಡು. ಪುಟ್ಟಿಯ ಬೆನ್ನಿನ ಮೇಲೆ ಆಗ ತಾನೇ ಹೊಸ ಪುಕ್ಕ ಮುಳ್ಳು ಮುಳ್ಳಾಗಿ ಮೂಡುತ್ತಿತ್ತು. ಆ ಸ್ಥಿತಿಯಲ್ಲಿ ಹುಂಜ ಮೇಲೆ ಹತ್ತಿದರೆ ಗಾಯ ಮತ್ತೆ ಬಿಚ್ಚಿಕೊಳ್ಳುತ್ತೆ. ಹಾಗಾಗಿ ಪುಕ್ಕ ಪೂರ್ತಿ ಮುಚ್ಚುವವರೆಗೂ ಮೆಶ್ಶಿನ ಒಳಗೇ ಇರಲಿ ಅಂದದ್ದೂ ಅತ್ತೆಯೇ. ನಾನಾಗಿದ್ದರೆ ಆತುರ ಪಡುತ್ತಿದ್ದೆ.

ಇನ್ನು ಬೂದಿ. ಅವಳನ್ನು ಹಿಡಿದು, ಮನೆಯ ಮುಂಭಾಗದಲ್ಲಿ, ಉಳಿದವುಗಳ ಕಣ್ಣಿಗೆ ಕಾಣದ ಹಾಗೆ ಮಂಕರಿ ಕೆಳಗೆ ಹಾಕಿದೆವು. ಕಾಳು, ನೀರು ಎಲ್ಲ ಉಂಟು, ಗುಂಪು ಮಾತ್ರ ಇಲ್ಲ. "ಜೈಲು" ಅಂದಳು ಮಗಳು. ಶಿಕ್ಷೆ ಅಲ್ಲ ಅದು, ಕೋಳಿಗೆ ಶಿಕ್ಷೆ ತಿಳಿಯುತ್ತದೆಯೇ? ಪುಟ್ಟಿ ಸೌದೆ ಕೋಣೆಯಲ್ಲಿದ್ದಾಗ ಅವಳ ಜಾಗ ಹೇಗೆ ಹೋಯಿತೋ ಹಾಗೇ ಬೂದಿಯ ಜಾಗವೂ ಸ್ವಲ್ಪ ಸಡಿಲವಾಗಲಿ ಅಂತ. ಬೂದಿ ಇಲ್ಲದ ಐದು ದಿನದಲ್ಲೇ ಮೆಶ್ಶಿನ ಒಂದು ಪಕ್ಕ ಬಿಚ್ಚಿದೆವು. ಹಗಲಲ್ಲ. ರಾತ್ರಿ, ಎಲ್ಲವೂ ಗೂಡಿನೊಳಗೆ ಅಡ್ಡಗೋಲು ಹತ್ತಿದ ಮೇಲೆ, ಟಾರ್ಚನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಮೊದಲು ಚುಕ್ಕಿ, ಅವಳ ಪಕ್ಕಕ್ಕೆ ಪುಟ್ಟಿ, ಮೆಲ್ಲಗೆ ಕೂರಿಸಿ ಬಂದೆ. ಕತ್ತಲಲ್ಲಿ ಯಾರೂ ಕುಕ್ಕಲ್ಲ. ಬೆಳಗಾಗುವಷ್ಟರಲ್ಲಿ ಎಲ್ಲರ ಮೈವಾಸನೆ, ಮೈಕಾವು ಒಂದೇ ಆಗಿರ್ತದೆ ಅಂತ ಅತ್ತೆ ಹೇಳಿದರು. ವಾಸನೆಯ ಮಾತು ಎಷ್ಟು ನಿಜವೋ, ಮಾರನೇ ದಿನ ನಾನು ಐದು ಗಂಟೆಗೇ ಎದ್ದು ಬಾಗಿಲ ಹತ್ತಿರ ಕೂತಿದ್ದಂತೂ ನಿಜ. ಬೆಳಕಾಗುವ ಹೊತ್ತಿಗೆ ನಾವು ಎದುರಿಗಿರಬೇಕು, ಇಲ್ಲದಿದ್ದರೆ ಮುಚ್ಚಿದ ಗೂಡಿನೊಳಗೆ ಓಡಿಹೋಗಲು ಜಾಗವಿಲ್ಲದೆ ಸಿಕ್ಕಿಬೀಳ್ತವೆ.

ಹಿತ್ತಲಲ್ಲೂ ಒಂದೆರಡು ಬದಲಾವಣೆ ಮಾಡಿದ್ದೆ. ಪುಟ್ಟಿ ಹೋಗಿ ಹುದುಗುತ್ತಿದ್ದ ಆ ಗೋಡೆ ಮೂಲೆಗೆ ಕಲ್ಲು ಪೇರಿಸಿ ಮುಚ್ಚಿದೆ. ಮೂಲೆ ಅಡಗುವ ಜಾಗ ಅಂತ ನಾನು ತಿಳಿದಿದ್ದೆ, ಅದು ಸಿಕ್ಕಿಬೀಳುವ ಜಾಗ. ಅದರ ಬದಲು ತೆಂಗಿನ ಗರಿಗಳನ್ನು ಗೋಡೆಗೆ ಒರಗಿಸಿ ಮಾಡು ಮಾಡಿದೆ, ಈ ಕಡೆಯಿಂದ ನುಗ್ಗಿದರೆ ಆ ಕಡೆಯಿಂದ ಹೊರಗೆ ಬರುವ ಹಾಗೆ. ಕಾಳನ್ನು ಒಂದೇ ಕಡೆ ಎರಚುವುದು ಬಿಟ್ಟು ಮೂರು ಕಡೆ, ಒಂದರಿಂದ ಒಂದಕ್ಕೆ ಹತ್ತು ಹೆಜ್ಜೆ ದೂರ. ನೀರು ಎರಡು ಕಡೆ. ಗಿರಿರಾಜ ಎಷ್ಟೇ ದೊಡ್ಡವಳಾದರೂ ಒಂದು ಹೊತ್ತಿಗೆ ಒಂದೇ ಬಟ್ಟಲು ಕಾಯಬಲ್ಲಳು.

ಇಷ್ಟೆಲ್ಲ ಆದರೂ ನೆಟ್ಟಗೆ ನಡೆಯಲಿಲ್ಲ. ಹೊರಗೆ ಬಿಟ್ಟ ನಾಲ್ಕನೇ ದಿನ ಬಾಳೆ ಬುಡದಲ್ಲಿ ಎರೆಹುಳಕ್ಕೆ ಜಗಳ ಬಿದ್ದು, ಕರಿಚುಕ್ಕೆಯ ಇನ್ನೊಂದು ಹೇಂಟೆ ಪುಟ್ಟಿಯ ಜುಟ್ಟು ಕಚ್ಚಿತು. ಜುಟ್ಟಿನ ರಕ್ತ ಬೇಗ ನಿಲ್ಲಲ್ಲ. ಕೆಂಪು ಕಂಡರೆ ಕೋಳಿಗಳಿಗೆ ಹುಚ್ಚು, ಸಾಧು ಚುಕ್ಕಿ ಕೂಡ ಒಂದು ಏಟು ಕುಕ್ಕಿದಳು. ನಾನು ಓಡಿ ಹೋಗಿ ಎತ್ತಿಕೊಂಡೆ. ಇದರಲ್ಲಿ ಮಾತ್ರ ಅತ್ತೆಯದೂ ನನ್ನದೂ ಒಂದೇ ಮತ, ರಕ್ತ ಬಂದರೆ ಆ ಕ್ಷಣವೇ ತೆಗೆಯಬೇಕು, ಅಲ್ಲಿ "ಅವೇ ಬಗೆಹರಿಸಿಕೊಳ್ತವೆ" ಅನ್ನೋ ಮಾತಿಲ್ಲ. ಅರಿಶಿನ ಒತ್ತಿ ರಕ್ತ ನಿಲ್ಲಿಸಿ, ಮೇಲೆ ಬೇವಿನೆಣ್ಣೆ ಸವರಿದೆ. ಬಾಯಿಟ್ಟವರಿಗೆ ಕಹಿಯಾಗಲಿ ಅಂತ. ಮತ್ತೆ ಮೂರು ದಿನ ಮೆಶ್ಶಿನೊಳಗೆ, ಜೊತೆಗೆ ಚುಕ್ಕಿ. ನನಗೆ ಅಳುವೇ ಬಂದಿತ್ತು. ಯುಗಾದಿಗೆ ಉಳಿದದ್ದು ಎರಡು ವಾರ. ಮನೆಯವರು ಬಾಯಿಬಿಟ್ಟು ಏನೂ ಅನ್ನಲಿಲ್ಲ, ಕ್ಯಾಲೆಂಡರ್ ನೋಡಿದ್ದು ನನಗೆ ಕಂಡಿತು.

ಆ ಮೂರು ದಿನವೂ ಪುಟ್ಟಿಯ ಮುಂದೆ ಕೂತು ನಾನು ಬೇಡದ್ದೆಲ್ಲ ಯೋಚಿಸಿದೆ. ಇಷ್ಟು ಹಠ ಯಾಕೆ ನನಗೆ? ಒಂದು ನಾಟಿ ಕೋಳಿ. ಸಂತೆಗೆ ಒಯ್ದರೆ ಇದಕ್ಕಿಂತ ಒಳ್ಳೆಯದು ಸಿಗುತ್ತೆ. ಕೊನೆಗೂ ಉತ್ತರ ಸಿಗಲಿಲ್ಲ. ಗೆದ್ದಲು ಹಿಡಿದ ಒಂದು ಹಳೇ ಮರದ ತುಂಡು ತಂದು ಅವಳ ಮುಂದೆ ಕುಟ್ಟಿ ಉದುರಿಸಿದೆ. ಗೆದ್ದಲು ಅಂದರೆ ಕೋಳಿಗೆ ಹೋಳಿಗೆ. ಅವಳು ತಿನ್ನುವ ವೇಗ ನೋಡಿದೆ. ತಲೆ ಎತ್ತಿ ಸುತ್ತ ನೋಡುವುದನ್ನು ಅವಳು ಮರೆತಿದ್ದಳು. ಮೊದಲೆಲ್ಲ ಒಂದು ಕಾಳಿಗೆ ಮೂರು ಸಲ ತಲೆ ಎತ್ತುತ್ತಿದ್ದವಳು. ಅತ್ತೆಗೂ ಕಂಡಿತು. "ಸಾಕು, ನಾಳೆ ಬುಡು" ಅಂದರು.

ಈ ಸಲ ಬೂದಿಯೂ ಗುಂಪಿನಲ್ಲಿದ್ದಳು. ಮಂಕರಿಯಿಂದ ಬಂದ ಮೇಲೆ ಅವಳಿಗೇ ಒಂದೆರಡು ಏಟು ಬಿದ್ದಿದ್ದವು, ಸೊಕ್ಕು ಕಮ್ಮಿಯಾಗಿತ್ತು. ಪುಟ್ಟಿಯ ಹತ್ತಿರ ಬಂದು ಕುತ್ತಿಗೆ ಕೆದರಿದಳು. ಪುಟ್ಟಿ ಹೆಜ್ಜೆ ಹಿಂದಿಟ್ಟಳು, ಆದರೆ ಓಡಲಿಲ್ಲ. ಗರಿಯ ಮಾಡಿನ ಕೆಳಗೆ ನುಗ್ಗಿ ಆ ಕಡೆಯಿಂದ ಹೊರಬಂದು ಮೂರನೇ ಬಟ್ಟಲಿನ ಹತ್ತಿರ ನಿಂತು ತಿನ್ನತೊಡಗಿದಳು. ಬೂದಿ ಹಿಂದೆ ಹೋಗಲಿಲ್ಲ. ಓಡದ ಕೋಳಿಯನ್ನು ಅಟ್ಟಿಸಿಕೊಂಡು ಹೋಗುವುದಕ್ಕೆ ಏನಿದೆ? ನನ್ನ ಕೈ ಪೊರಕೆ ಹುಡುಕುತ್ತಿತ್ತು. ಅತ್ತೆ ಊರುಗೋಲಿನಿಂದ ಅದನ್ನು ಮೊದಲೇ ಕುರ್ಚಿಯ ಹಿಂದಕ್ಕೆ ತಳ್ಳಿದ್ದರು.

ಪುಟ್ಟಿ ಈಗಲೂ ಕೆಳಗಿನವಳೇ, ಕಡೆಯಿಂದ ಎರಡನೆಯವಳು. ಅದು ಬದಲಾಗಿಲ್ಲ, ಬದಲಾಗಬೇಕಾಗಿಯೂ ಇಲ್ಲ ಅನ್ನಿಸುತ್ತೆ. ಗುಂಪಿನಲ್ಲಿ ಯಾರಾದರೂ ಕೆಳಗಿರಲೇಬೇಕು. ಸಂಜೆ ಚೀಲ ಮುಟ್ಟಿ ನೋಡಿದರೆ ತುಂಬಿರುತ್ತೆ, ನನಗೆ ಅಷ್ಟು ಸಾಕು. ಯುಗಾದಿಯ ಹಿಂದಿನ ವಾರ ತೂಗಿದಾಗ ಸಾವಿರದ ನೂರೈವತ್ತು. ಜುಟ್ಟಿಗೆ ಕೆಂಪು ಬಂದಿತ್ತು. ಮಧ್ಯಾಹ್ನ ಒಲೆ ಬೂದಿ ಸುರಿದ ಗುಂಡಿಯಲ್ಲಿ ನಾಲ್ಕು ಹೇಂಟೆಗಳು ಮೈ ಉಜ್ಜಿಕೊಂಡು ಬಿದ್ದಿದ್ದವು, ನಡುವೆ ಒಂದು ಕಂದು ಬಣ್ಣದ್ದು, ರೆಕ್ಕೆ ಚೆಲ್ಲಿಕೊಂಡು, ಕಣ್ಣು ಮುಚ್ಚಿಕೊಂಡು. ಹೆದರಿದ ಕೋಳಿ ಎಂದೂ ಮಣ್ಣಿನಲ್ಲಿ ಹಾಗೆ ಮೈಮರೆತು ಮಲಗಲ್ಲ.

ಹೊಸತೊಡಕಿನ ದಿನ ಮನೆಯವರು ಬೆಳಿಗ್ಗೆ ಆರಕ್ಕೇ ಎದ್ದು ಹೊರಟರು. ನಾನು ಏನೂ ಕೇಳಲಿಲ್ಲ. ಎಂಟು ಗಂಟೆಗೆ ಗುಡ್ಡೆ ಬಾಡು ತಂದು ಅಡುಗೆ ಕಟ್ಟೆ ಮೇಲಿಟ್ಟು, "ಕುರಿ ಪಾಲು ಈ ಸಲ ಸ್ವಲ್ಪ ದುಬಾರಿ" ಅಂದರು ಅಷ್ಟೇ. ಮಗಳು ಹಿತ್ತಲಿಗೆ ಓಡಿದಳು.

ಏಪ್ರಿಲ್ ಕೊನೆಯಲ್ಲಿ ಪುಟ್ಟಿ ಮತ್ತೆ ಮೊಟ್ಟೆ ಇಡಲು ಶುರು ಮಾಡಿದಳು. ಮೊದಲನೆಯದು ಗೋಲಿಗಿಂತ ಸ್ವಲ್ಪ ದೊಡ್ಡದಿತ್ತು, ಒಡೆದರೆ ಒಳಗೆ ಹಳದಿಯೇ ಇಲ್ಲ. ಆಮೇಲೆ ಸರಿಹೋಯಿತು. ಮೊನ್ನೆ ಪಕ್ಕದ ಮನೆಯವರು ಊರಿಗೆ ಹೋಗುವಾಗ ಅವರ ಎರಡು ಎಳೇ ಹೇಂಟೆಗಳನ್ನು ನಮ್ಮಲ್ಲಿ ಬಿಟ್ಟರು. ಈ ಸಲ ನನಗೆ ಬುದ್ಧಿ ಇತ್ತು, ನೇರ ಮೆಶ್ಶಿನೊಳಗೆ ಬಿಟ್ಟೆ. ಕೋಳಿಗಳೆಲ್ಲ ಬಂದು ನೋಡಿ ಹೋದವು. ಒಂದು ಮಾತ್ರ ಕುತ್ತಿಗೆ ಪುಕ್ಕ ಕೆದರಿಕೊಂಡು ಬಂದು ಮೆಶ್ಶಿಗೆ ಟಪಟಪ ಕುಕ್ಕತೊಡಗಿತು.

"ಯಾರ್ಲಾ ಅದು, ಬೂದಿಯಾ?" ಅಂದರು ಅತ್ತೆ.

ಪುಟ್ಟಿ. ನಾನು ಹೇಳಿದ್ದೇ ಅತ್ತೆ ನಗಲು ಶುರು ಮಾಡಿದರು, ಸೊಂಟ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. ಆಮೇಲೆ ಊರುಗೋಲು ಊರಿ, ಬಾಗಿಲ ಚೌಕಟ್ಟು ಹಿಡಿದು, "ಎಲ್ಲಿ, ಸರಿಯಾಗಿ ನೋಡ್ತೀನಿ" ಅಂತ ಒಂದು ಮೆಟ್ಟಿಲು ಇಳಿದರು. ನಾನು ಕೈ ಕೊಡಲು ಹೋದೆ. ಬೇಡ ಅಂತ ತಲೆ ಅಲ್ಲಾಡಿಸಿದರು.